ಅರ್ಜಿ ಸಲ್ಲಿಸುವಾಗ ಸ್ಥಗಿತಗೊಂಡ ತಂತ್ರಾಂಶವನ್ನು ಆಜ್ಞೆಯ ಮೂಲಕ ಮುಕ್ತಾಯಗೊಳಿಸುವ ವಿಧಾನ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಪಹಣಿ ಪತ್ರಿಕೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳ ಅರ್ಜಿಗಳು ಈಗ ಗಣಕಯಂತ್ರದ ಮೂಲಕ ಸಲ್ಲಿಕೆಯಾಗುತ್ತವೆ. ಕರ್ನಾಟಕದಲ್ಲಿ ಈ ಬದಲಾವಣೆಗೆ ‘ಭೂಮಿ’ ಯೋಜನೆಯು ನಾಂದಿಯಾಯಿತು. 2000ದ ದಶಕದ ಮೊದಲ ವರ್ಷಗಳಲ್ಲಿ ಕೈಬರಹದ ಪಹಣಿಗಳ ಸ್ಥಾನದಲ್ಲಿ ಗಣಕೀಕೃತ ಪಹಣಿಗಳು ತಾಲ್ಲೂಕು ಕಚೇರಿಗಳಲ್ಲಿ ದೊರೆಯಲಾರಂಭಿಸಿದವು. 2012ರ ಏಪ್ರಿಲ್ 2ರಂದು ‘ಸಕಾಲ’ ವ್ಯವಸ್ಥೆಯು ರಾಜ್ಯದಾದ್ಯಂತ ಜಾರಿಗೆ ಬಂದಿತು. ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೂ 2022ರಿಂದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮ ಒನ್ ಕೇಂದ್ರಗಳೂ ಕಾರ್ಯಾರಂಭ ಮಾಡಿದವು. ಸೇವಾ ಸಿಂಧು ಜಾಲತಾಣದ ಮೂಲಕ ನಾಗರಿಕರು ಮನೆಯಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿದೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ಅಡಿಕೆ ತೋಟ ಹಾಗೂ ಕಾಡಿನ ನಡುವೆ ಚದುರಿಕೊಂಡಿವೆ. ಬನವಾಸಿ, ಹುಲೇಕಲ್, ಮಂಚೀಕೇರಿ ಮೊದಲಾದ ಕಡೆಗಳ ಒಳಹಳ್ಳಿಗಳಿಂದ ಬರುವ ಅರ್ಜಿದಾರರಿಗೆ ಮರಳಿ ಹೋಗುವ ಬಸ್ಸಿನ ವೇಳೆಯೂ ಮುಖ್ಯವಾಗಿರುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಮತ್ತು ದೂರವಾಣಿ ಸಂಪರ್ಕಗಳು ಕಡಿದುಹೋಗುವುದುಂಟು. ಇಂತಹ ಸಂದರ್ಭದಲ್ಲಿ ಅರ್ಜಿ ತುಂಬುತ್ತಿರುವ ತಂತ್ರಾಂಶವು ಅರ್ಧದಲ್ಲಿ ನಿಂತುಹೋದರೆ ಗಣಕಯಂತ್ರದ ವಿದ್ಯುತ್ತನ್ನೇ ಆರಿಸುವುದು, ಅಥವಾ ಶುಲ್ಕವನ್ನು ಎರಡನೇ ಬಾರಿ ಪಾವತಿಸುವುದು ಹಲವರಿಗೆ ತೋಚುವ ದಾರಿ. ಇವೆರಡೂ ಅರ್ಜಿದಾರರಿಗೆ ನಷ್ಟವನ್ನು ಉಂಟುಮಾಡಬಹುದು.

ಸ್ಥಗಿತಗೊಂಡ ಒಂದು ತಂತ್ರಾಂಶವನ್ನು ಮಾತ್ರ ಮುಕ್ತಾಯಗೊಳಿಸಿ, ಉಳಿದ ಕೆಲಸಗಳಿಗೆ ಧಕ್ಕೆಯಾಗದಂತೆ ಮುಂದುವರಿಯುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಮನೆಯಲ್ಲಿ ಅರ್ಜಿ ತುಂಬುವವರಿಗೂ ಸೇವಾ ಕೇಂದ್ರಗಳ ಗಣಕಯಂತ್ರ ನಿರ್ವಾಹಕರಿಗೂ ಇದು ಅನ್ವಯಿಸುತ್ತದೆ.

2. ತಂತ್ರಾಂಶವು ಸ್ಥಗಿತಗೊಳ್ಳುವುದು ಎಂದರೇನು?

ಗಣಕಯಂತ್ರದಲ್ಲಿ ಚಾಲನೆಯಲ್ಲಿರುವ ಪ್ರತಿಯೊಂದು ತಂತ್ರಾಂಶವೂ ಬಳಕೆದಾರರ ಕೀಲಿ ಒತ್ತುವಿಕೆ ಹಾಗೂ ಮೌಸ್ ಕ್ಲಿಕ್‌ಗಳನ್ನು ಸಂದೇಶಗಳ ರೂಪದಲ್ಲಿ ಸರದಿಯಂತೆ ಸ್ವೀಕರಿಸುತ್ತದೆ. ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಯಾವುದೇ ತಂತ್ರಾಂಶವು ಸುಮಾರು 5 ಸೆಕೆಂಡುಗಳ ಕಾಲ ಈ ಸಂದೇಶಗಳನ್ನು ಸ್ವೀಕರಿಸದಿದ್ದರೆ, ಅದರ ಶೀರ್ಷಿಕೆಯ ಪಕ್ಕದಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂಬ ಸೂಚನೆ ಕಾಣಿಸುತ್ತದೆ. ಪರದೆಯು ಬಿಳಿಚಿಕೊಳ್ಳುತ್ತದೆ.

ಈ ಸೂಚನೆ ಕಂಡ ಮಾತ್ರಕ್ಕೆ ತಂತ್ರಾಂಶವು ಸಂಪೂರ್ಣ ನಿಂತಿದೆ ಎಂದು ಭಾವಿಸಬಾರದು. ದೊಡ್ಡ ಗಾತ್ರದ ದಾಖಲೆಯನ್ನು ಸೇರಿಸುವಾಗ, ಮುದ್ರಣ ಯಂತ್ರದ ಉತ್ತರಕ್ಕೆ ಕಾಯುವಾಗ, ಅಥವಾ ಗಣಕಯಂತ್ರದ ಸ್ಮೃತಿ ಸಾಲದಿರುವಾಗ ತಂತ್ರಾಂಶವು ಒಂದೆರಡು ನಿಮಿಷ ಮೌನವಾಗಿದ್ದು, ನಂತರ ತಾನಾಗಿಯೇ ಚೇತರಿಸಿಕೊಳ್ಳಬಹುದು. ಆದುದರಿಂದ ಮೊದಲ ಕ್ರಮವು ಕಾಯುವುದೇ ಆಗಿದೆ. ಈ ಅವಧಿಯಲ್ಲಿ ಪದೇ ಪದೇ ಕ್ಲಿಕ್ ಮಾಡಬಾರದು. ಸರದಿಯಲ್ಲಿ ಸಂಗ್ರಹವಾದ ಕ್ಲಿಕ್‌ಗಳು ತಂತ್ರಾಂಶವು ಚೇತರಿಸಿಕೊಂಡೊಡನೆ ಒಮ್ಮೆಲೇ ಜಾರಿಯಾಗಿ, ಅನಪೇಕ್ಷಿತ ಗುಂಡಿ ಒತ್ತಿದಂತಾಗುವ ಸಂಭವವಿದೆ.

ಪುಟವು ನಿಧಾನವಾಗಿ ತೆರೆಯುವುದಕ್ಕೂ ತಂತ್ರಾಂಶವು ಸ್ಥಗಿತಗೊಳ್ಳುವುದಕ್ಕೂ ವ್ಯತ್ಯಾಸವಿದೆ. ಪುಟದಲ್ಲಿ ಚಕ್ರವು ತಿರುಗುತ್ತಿದ್ದು, ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಲು ಸಾಧ್ಯವಿದ್ದರೆ ತೊಂದರೆಯು ಅಂತರಜಾಲ ಸಂಪರ್ಕದಲ್ಲಿ ಅಥವಾ ಸರ್ವರ್‌ನಲ್ಲಿ ಇರುವ ಸಾಧ್ಯತೆ ಹೆಚ್ಚು. ಆಗ ತಂತ್ರಾಂಶವನ್ನು ಮುಕ್ತಾಯಗೊಳಿಸುವುದರಿಂದ ಪ್ರಯೋಜನವಿಲ್ಲ.

3. ಮುಕ್ತಾಯಗೊಳಿಸುವ ಮೊದಲು ಪರಿಶೀಲಿಸಬೇಕಾದ ಅಂಶ

ತಂತ್ರಾಂಶವನ್ನು ಮುಕ್ತಾಯಗೊಳಿಸಿದಾಗ ಅಳಿದುಹೋಗುವುದು ಅರ್ಜಿದಾರರ ಎದುರಿಗಿರುವ ಗಣಕಯಂತ್ರದ ಸ್ಮೃತಿಯಲ್ಲಿದ್ದ ಮಾಹಿತಿ ಮಾತ್ರ. ಸರ್ವರ್‌ಗೆ ಈಗಾಗಲೇ ತಲುಪಿದ ಅರ್ಜಿಯು ಅಲ್ಲಿಯೇ ಸುರಕ್ಷಿತವಾಗಿರುತ್ತದೆ. ಆದ್ದರಿಂದ ಅರ್ಜಿಯು ಯಾವ ಹಂತದಲ್ಲಿತ್ತು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳುವುದು ಅವಶ್ಯ.

(ಅ) ವಿವರಗಳನ್ನು ತುಂಬುತ್ತಿರುವ ಹಂತ: ಸಲ್ಲಿಸುವ ಗುಂಡಿಯನ್ನು ಇನ್ನೂ ಒತ್ತಿರದಿದ್ದರೆ, ಉಳಿಸದೇ ಇರುವ ವಿವರಗಳು ಹೋಗುತ್ತವೆ. ಪರದೆಯ ಮೇಲೆ ವಿವರಗಳು ಇನ್ನೂ ಕಾಣುತ್ತಿದ್ದಲ್ಲಿ ಅವುಗಳನ್ನು ಕಾಗದದಲ್ಲಿ ಬರೆದುಕೊಳ್ಳುವುದು ಅಥವಾ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳುವುದು ಉತ್ತಮ. ನಂತರ ತಂತ್ರಾಂಶವನ್ನು ಮುಕ್ತಾಯಗೊಳಿಸಬಹುದು.

(ಆ) ಶುಲ್ಕ ಪಾವತಿಯ ಹಂತ: ಇದು ಅತ್ಯಂತ ಎಚ್ಚರ ವಹಿಸಬೇಕಾದ ಹಂತ. ಬ್ಯಾಂಕಿನಿಂದ ಹಣ ಕಡಿತವಾಗಿ, ಅದರ ದೃಢೀಕರಣವು ಅರ್ಜಿಯ ಜಾಲತಾಣಕ್ಕೆ ಮರಳುವ ಮೊದಲೇ ಬ್ರೌಸರ್ ಸ್ಥಗಿತಗೊಂಡಿರಬಹುದು. ಮುಕ್ತಾಯಗೊಳಿಸುವ ಮೊದಲು ಮೊಬೈಲ್‌ಗೆ ಬಂದ ಬ್ಯಾಂಕಿನ ಸಂದೇಶವನ್ನು ನೋಡತಕ್ಕದ್ದು. ಪರದೆಯಲ್ಲಿ ವ್ಯವಹಾರ ಸಂಖ್ಯೆ ಕಾಣುತ್ತಿದ್ದರೆ ಅದನ್ನು ಬರೆದುಕೊಳ್ಳತಕ್ಕದ್ದು.

(ಇ) ಸ್ವೀಕೃತಿಯ ಹಂತ: ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿ ಸ್ವೀಕಾರವಾದೊಡನೆ 15 ಅಂಕಿಗಳ ಸಂಖ್ಯೆಯೊಂದನ್ನು ನೀಡಲಾಗುತ್ತದೆ. ಈ ಸಂಖ್ಯೆ ದೊರೆತಿದ್ದರೆ ಅರ್ಜಿಯು ದಾಖಲಾಗಿದೆ ಎಂದರ್ಥ. ಆನಂತರ ಮುದ್ರಣದ ವೇಳೆ ತಂತ್ರಾಂಶ ಸ್ಥಗಿತಗೊಂಡರೆ ಅರ್ಜಿಗೆ ಬಾಧಕವಿಲ್ಲ. ಸ್ವೀಕೃತಿಯ ಪ್ರತಿಯನ್ನು ಮತ್ತೊಮ್ಮೆ ಪಡೆದುಕೊಳ್ಳಬಹುದು.

4. ಆಜ್ಞೆಗೆ ಮೊದಲು ಪ್ರಯತ್ನಿಸಬೇಕಾದ ಸರಳ ಕ್ರಮಗಳು

ಈ ಕೆಳಗಿನ ಕ್ರಮಗಳನ್ನು ಅನುಕ್ರಮವಾಗಿ ಅನುಸರಿಸುವುದು ಸೂಕ್ತ.

(1) ಎರಡು ಮೂರು ನಿಮಿಷ ಕಾಯುವುದು.
(2) ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ತಂತ್ರಾಂಶವನ್ನು ಮುಚ್ಚಲು ಪ್ರಯತ್ನಿಸುವುದು.
(3) ಕ್ರೋಮ್ ಬ್ರೌಸರ್‌ನಲ್ಲಿ ಒಂದು ಪುಟ ಮಾತ್ರ ನಿಂತಿದ್ದರೆ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿ, ಬ್ರೌಸರ್‌ನದೇ ಪಟ್ಟಿಯಲ್ಲಿ ಆ ಪುಟವನ್ನಷ್ಟೇ ಮುಕ್ತಾಯಗೊಳಿಸುವುದು.
(4) ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಥಗಿತಗೊಂಡ ತಂತ್ರಾಂಶವನ್ನು ಆಯ್ದು ‘ಎಂಡ್ ಟಾಸ್ಕ್’ ಒತ್ತುವುದು.

ಬಹುತೇಕ ಸಂದರ್ಭಗಳಲ್ಲಿ ಇಷ್ಟೇ ಸಾಕಾಗುತ್ತದೆ. ಆದರೆ ಟಾಸ್ಕ್ ಮ್ಯಾನೇಜರ್ ತೆರೆಯದಿದ್ದಾಗ, ಮೌಸ್ ಕೆಲಸ ಮಾಡದಿದ್ದಾಗ, ಅಥವಾ ತಂತ್ರಾಂಶದ ಕಿಟಕಿ ಮುಚ್ಚಿದ್ದರೂ ಅದು ಒಳಗೆ ಉಳಿದುಕೊಂಡು ಮತ್ತೆ ತೆರೆಯಲು ಬಿಡದಿದ್ದಾಗ ಆಜ್ಞೆಯ ಮೂಲಕ ಮುಕ್ತಾಯಗೊಳಿಸಬೇಕಾಗುತ್ತದೆ. ಫೈರ್‌ಫಾಕ್ಸ್ ಬ್ರೌಸರ್ ತೆರೆಯಲು ಹೋದಾಗ ‘ಈಗಾಗಲೇ ಚಾಲನೆಯಲ್ಲಿದೆ, ಆದರೆ ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಅರ್ಥದ ಸಂದೇಶ ಬರುವುದು ಇದಕ್ಕೆ ಉದಾಹರಣೆ.

5. ವಿಂಡೋಸ್‌ನಲ್ಲಿ ಆಜ್ಞೆ ನೀಡುವ ವಿಧಾನ

ಇಲ್ಲಿ ತಿಳಿಸಿರುವ ಆಜ್ಞೆಗಳು 2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನಿಂದ ವಿಂಡೋಸ್ 11ರವರೆಗಿನ ಆವೃತ್ತಿಗಳಲ್ಲಿ ಲಭ್ಯವಿವೆ. ಯಾವುದೇ ಹೊಸ ತಂತ್ರಾಂಶವನ್ನು ಸ್ಥಾಪಿಸುವ ಅಗತ್ಯವಿಲ್ಲ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡಬೇಕಾಗಿರುವುದರಿಂದ ಅಕ್ಷರಗಳ ಹೆಸರುಗಳನ್ನು ಕೆಳಗೆ ಬಿಡಿಬಿಡಿಯಾಗಿ ನೀಡಲಾಗಿದೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಯಾವುದಾದರೂ ಆಗಬಹುದು.

‘ನುಡಿ’ ಅಥವಾ ಇತರ ಕನ್ನಡ ಕೀಲಿಮಣೆ ತಂತ್ರಾಂಶವು ಚಾಲನೆಯಲ್ಲಿದ್ದರೆ ಮೊದಲು ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಾಯಿಸಿಕೊಳ್ಳಬೇಕು. ಇಲ್ಲವಾದಲ್ಲಿ ಆಜ್ಞೆಯ ಬದಲು ಬೇರೆ ಅಕ್ಷರಗಳು ಮೂಡಿ, ಆಜ್ಞೆಯು ಗುರುತಿಸಲ್ಪಡುವುದಿಲ್ಲ.

ಹಂತ 1: ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಆರ್ ಕೀಲಿಯನ್ನು ಒಟ್ಟಿಗೆ ಒತ್ತಬೇಕು. ತೆರೆಯುವ ಚಿಕ್ಕ ಕಿಟಕಿಯಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರಗಳನ್ನು ಬರೆದು ಎಂಟರ್ ಒತ್ತಬೇಕು. ಕಪ್ಪು ಹಿನ್ನೆಲೆಯ ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆಯುತ್ತದೆ.

ಹಂತ 2: ‘ಟಾಸ್ಕ್‌ಲಿಸ್ಟ್’ ಎಂಬ ಆಜ್ಞೆಯನ್ನು (ಟಿ, ಎ, ಎಸ್, ಕೆ, ಎಲ್, ಐ, ಎಸ್, ಟಿ, ನಡುವೆ ಜಾಗ ಬಿಡದೆ) ಬರೆದು ಎಂಟರ್ ಒತ್ತಬೇಕು. ಚಾಲನೆಯಲ್ಲಿರುವ ಎಲ್ಲ ತಂತ್ರಾಂಶಗಳ ಪಟ್ಟಿ ಬರುತ್ತದೆ. ಎಡಗಡೆಯ ಮೊದಲ ಅಂಕಣದಲ್ಲಿ ತಂತ್ರಾಂಶದ ಕಡತದ ಹೆಸರು, ಅದರ ಪಕ್ಕದ ಅಂಕಣದಲ್ಲಿ ಅದರ ಗುರುತು ಸಂಖ್ಯೆ ಇರುತ್ತದೆ. ಈ ಗುರುತು ಸಂಖ್ಯೆಗೆ ಪಿಐಡಿ ಎಂದು ಹೆಸರು. ಪ್ರತಿ ಬಾರಿ ತಂತ್ರಾಂಶವನ್ನು ತೆರೆದಾಗ ಈ ಸಂಖ್ಯೆ ಬದಲಾಗುವುದರಿಂದ ಹಿಂದೆ ಬರೆದಿಟ್ಟ ಸಂಖ್ಯೆಯನ್ನು ಬಳಸಬಾರದು.

ಹಂತ 3: ಮೊದಲು ಸೌಮ್ಯ ಆಜ್ಞೆಯನ್ನು ನೀಡಬೇಕು. ‘ಟಾಸ್ಕ್‌ಕಿಲ್’ (ಟಿ, ಎ, ಎಸ್, ಕೆ, ಕೆ, ಐ, ಎಲ್, ಎಲ್) ಎಂದು ಬರೆದು, ಒಂದು ಜಾಗ ಬಿಟ್ಟು, ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆಯನ್ನು ಹಾಕಿ, ಅದಕ್ಕೆ ತಾಗಿದಂತೆ ಪಿ, ಐ, ಡಿ ಎಂದು ಬರೆಯಬೇಕು. ಮತ್ತೊಂದು ಜಾಗ ಬಿಟ್ಟು ಗುರುತು ಸಂಖ್ಯೆಯನ್ನು ಬರೆದು ಎಂಟರ್ ಒತ್ತಬೇಕು. ಈ ಆಜ್ಞೆಯು ತಂತ್ರಾಂಶಕ್ಕೆ ಮುಚ್ಚಿಕೊಳ್ಳುವಂತೆ ಕೋರಿಕೆಯನ್ನಷ್ಟೇ ಕಳುಹಿಸುತ್ತದೆ. ತಂತ್ರಾಂಶಕ್ಕೆ ಇನ್ನೂ ಪ್ರಜ್ಞೆಯಿದ್ದರೆ ಕಡತವನ್ನು ಉಳಿಸಬೇಕೇ ಎಂದು ಕೇಳುವ ಅವಕಾಶ ಅದಕ್ಕಿರುತ್ತದೆ.

ಹಂತ 4: ಅರ್ಧ ನಿಮಿಷದಲ್ಲಿ ಫಲ ಕಾಣದಿದ್ದರೆ ಅದೇ ಆಜ್ಞೆಯ ಕೊನೆಗೆ ಒಂದು ಜಾಗ ಬಿಟ್ಟು ಓರೆಗೆರೆ ಮತ್ತು ಎಫ್ ಅಕ್ಷರವನ್ನು ಸೇರಿಸಿ ಎಂಟರ್ ಒತ್ತಬೇಕು. ಇದು ಬಲವಂತದ ಆಜ್ಞೆ. ಇಲ್ಲಿ ತಂತ್ರಾಂಶವನ್ನು ಕೇಳುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯೇ ಅದನ್ನು ನಿಲ್ಲಿಸಿ, ಅದು ಹಿಡಿದಿದ್ದ ಸ್ಮೃತಿಯನ್ನು ಹಿಂಪಡೆಯುತ್ತದೆ. ಉಳಿಸದ ಮಾಹಿತಿ ಇದರಿಂದ ನಷ್ಟವಾಗುತ್ತದೆ.

ಕ್ರೋಮ್, ಎಡ್ಜ್ ಮುಂತಾದ ಬ್ರೌಸರ್‌ಗಳು ಒಂದೇ ಹೆಸರಿನಲ್ಲಿ ಹಲವು ಸಾಲುಗಳಾಗಿ ಪಟ್ಟಿಯಲ್ಲಿ ಕಾಣುತ್ತವೆ. ಅವು ತಮ್ಮ ಪುಟಗಳನ್ನು ಪ್ರತ್ಯೇಕ ಭಾಗಗಳಾಗಿ ನಡೆಸುವುದೇ ಇದಕ್ಕೆ ಕಾರಣ. ಇಡೀ ಬ್ರೌಸರ್ ಅನ್ನು ಮುಚ್ಚಬೇಕಾದಲ್ಲಿ ಪಿ, ಐ, ಡಿ ಬದಲು ಐ, ಎಂ ಎಂಬ ಎರಡು ಅಕ್ಷರಗಳನ್ನು ಬರೆದು, ಸಂಖ್ಯೆಯ ಬದಲು ಪಟ್ಟಿಯಲ್ಲಿ ಕಂಡಂತೆಯೇ ಕಡತದ ಪೂರ್ಣ ಹೆಸರನ್ನು, ಕೊನೆಯ ಚುಕ್ಕಿ ಮತ್ತು ಇ, ಎಕ್ಸ್, ಇ ಅಕ್ಷರಗಳ ಸಮೇತ ನೀಡಬೇಕು. ಹೀಗೆ ಮಾಡಿದಾಗ ಆ ಬ್ರೌಸರ್‌ನ ಎಲ್ಲ ಕಿಟಕಿಗಳೂ ಮುಚ್ಚುತ್ತವೆ. ಸೇವಾ ಕೇಂದ್ರದಲ್ಲಿ ಅದೇ ಗಣಕಯಂತ್ರದಲ್ಲಿ ಮತ್ತೊಬ್ಬರ ಅರ್ಜಿಯೂ ತೆರೆದಿದ್ದರೆ ಅದೂ ಹೋಗುತ್ತದೆ ಎಂಬುದನ್ನು ನಿರ್ವಾಹಕರು ಗಮನದಲ್ಲಿಡಬೇಕು.

6. ಮುಕ್ತಾಯಗೊಳಿಸಬಾರದ ಕಾರ್ಯಗಳು

ಪಟ್ಟಿಯಲ್ಲಿ ಪರಿಚಯವಿಲ್ಲದ ಅನೇಕ ಹೆಸರುಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಕಾರ್ಯಾಚರಣ ವ್ಯವಸ್ಥೆಗೆ ಸೇರಿದವು. ಸಿಎಸ್‌ಆರ್‌ಎಸ್‌ಎಸ್, ವಿನ್‌ಲಾಗಾನ್, ಎಲ್‌ಎಸ್‌ಎಎಸ್‌ಎಸ್ ಮೊದಲಾದವುಗಳನ್ನು ಬಲವಂತವಾಗಿ ನಿಲ್ಲಿಸಿದರೆ ಇಡೀ ಗಣಕಯಂತ್ರವೇ ನಿಂತುಹೋಗಬಹುದು. ಪರಿಚಯವಿರುವ ತಂತ್ರಾಂಶದ ಹೆಸರನ್ನು ಮಾತ್ರ ಆಯ್ಕೆ ಮಾಡುವುದು ಕ್ಷೇಮ. ಎಕ್ಸ್‌ಪ್ಲೋರರ್ ಅನ್ನು ಕೈತಪ್ಪಿ ಮುಚ್ಚಿದಾಗ ಪರದೆಯ ಕೆಳಗಿನ ಪಟ್ಟಿ ಮತ್ತು ಚಿಹ್ನೆಗಳು ಮಾಯವಾಗುತ್ತವೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಅವು ಮರಳಿ ಬರುತ್ತವೆ.

7. ಮುದ್ರಣವು ಸಿಲುಕಿಕೊಂಡಾಗ

ಪಹಣಿ ಅಥವಾ ಸ್ವೀಕೃತಿ ಪತ್ರವನ್ನು ಮುದ್ರಿಸುವಾಗ ಸರದಿಯಲ್ಲಿ ಒಂದು ಕಾಗದ ಸಿಲುಕಿ, ಮುಂದಿನ ಯಾವುದೂ ಹೊರಬಾರದಿರಬಹುದು. ಇಲ್ಲಿ ಬ್ರೌಸರ್ ಅನ್ನು ಮುಚ್ಚುವುದರಿಂದ ಪರಿಹಾರ ದೊರೆಯುವುದಿಲ್ಲ, ಏಕೆಂದರೆ ಮುದ್ರಣದ ಸರದಿಯನ್ನು ‘ಸ್ಪೂಲರ್’ ಎಂಬ ಪ್ರತ್ಯೇಕ ಸೇವೆಯು ನಿರ್ವಹಿಸುತ್ತದೆ. ಕಮಾಂಡ್ ಪ್ರಾಂಪ್ಟ್ ಅನ್ನು ಆಡಳಿತಾಧಿಕಾರದೊಂದಿಗೆ ತೆರೆದು, ‘ನೆಟ್ ಸ್ಟಾಪ್ ಸ್ಪೂಲರ್’ ಎಂಬ ಮೂರು ಪದಗಳ ಆಜ್ಞೆಯನ್ನು ಇಂಗ್ಲಿಷಿನಲ್ಲಿ ನೀಡಿದರೆ ಸೇವೆ ನಿಲ್ಲುತ್ತದೆ. ‘ನೆಟ್ ಸ್ಟಾರ್ಟ್ ಸ್ಪೂಲರ್’ ಎಂದಾಗ ಪುನಃ ಆರಂಭವಾಗುತ್ತದೆ. ಮೊದಲು ಸಿಲುಕಿದ್ದ ಕಾಗದಗಳು ನಂತರ ತಾವಾಗಿಯೇ ಮುದ್ರಣಗೊಳ್ಳಬಹುದಾದ್ದರಿಂದ, ಮತ್ತೊಮ್ಮೆ ಮುದ್ರಣಕ್ಕೆ ಕಳುಹಿಸುವ ಮೊದಲು ಸ್ವಲ್ಪ ಕಾಯಬೇಕು.

8. ಲಿನಕ್ಸ್ ಬಳಸುವವರಿಗೆ

ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಜ್ಞೆ ನೀಡುವ ಟರ್ಮಿನಲ್ ತೆರೆಯುತ್ತದೆ. ಇಲ್ಲಿ ಆಜ್ಞೆಗಳನ್ನು ಸಣ್ಣ ಅಕ್ಷರಗಳಲ್ಲಿಯೇ ಬರೆಯಬೇಕು. ‘ಟಾಪ್’ ಎಂಬ ಆಜ್ಞೆಯು (ಟಿ, ಒ, ಪಿ) ಚಾಲನೆಯಲ್ಲಿರುವ ಕಾರ್ಯಗಳನ್ನೂ ಅವುಗಳ ಗುರುತು ಸಂಖ್ಯೆಗಳನ್ನೂ ತೋರಿಸುತ್ತದೆ. ಕ್ಯೂ ಕೀಲಿ ಒತ್ತಿದರೆ ಆ ಪಟ್ಟಿಯಿಂದ ಹೊರಬರಬಹುದು.

‘ಕಿಲ್’ (ಕೆ, ಐ, ಎಲ್, ಎಲ್) ಎಂದು ಬರೆದು, ಜಾಗ ಬಿಟ್ಟು ಗುರುತು ಸಂಖ್ಯೆ ನೀಡಿದಾಗ 15ನೇ ಸಂಖ್ಯೆಯ ಸಂಕೇತವು ತಂತ್ರಾಂಶಕ್ಕೆ ತಲುಪುತ್ತದೆ. ಇದು ಕೋರಿಕೆಯ ರೂಪದ್ದು. ಅದಕ್ಕೆ ಬಗ್ಗದಿದ್ದರೆ ‘ಕಿಲ್’ ಪದದ ನಂತರ ಜಾಗ ಬಿಟ್ಟು ಅಡ್ಡಗೆರೆ ಮತ್ತು 9 ಎಂಬ ಅಂಕಿಯನ್ನು ಸೇರಿಸಿ, ಮತ್ತೆ ಜಾಗ ಬಿಟ್ಟು ಗುರುತು ಸಂಖ್ಯೆ ನೀಡಬೇಕು. 9ನೇ ಸಂಕೇತವನ್ನು ಯಾವ ತಂತ್ರಾಂಶವೂ ತಡೆಯಲಾರದು. ಆದರೂ ಡಿಸ್ಕ್ ಅಥವಾ ಜಾಲದ ಉತ್ತರಕ್ಕೆ ಕಾಯುತ್ತ ವ್ಯವಸ್ಥೆಯ ಒಳಭಾಗದಲ್ಲಿ ಸಿಲುಕಿರುವ ಕಾರ್ಯವು ಆ ಉತ್ತರ ಬರುವವರೆಗೆ ಕೊನೆಗೊಳ್ಳದಿರಬಹುದು. ಪೆನ್ ಡ್ರೈವ್‌ನಿಂದ ದಾಖಲೆ ಓದುವಾಗ ಹೀಗಾದರೆ ಆ ಸಾಧನದಲ್ಲಿ ದೋಷವಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು.

9. ವಿದ್ಯುತ್ ಆರಿಸುವುದು ಕೊನೆಯ ಉಪಾಯ

ತಂತ್ರಾಂಶವನ್ನು ಬಲವಂತವಾಗಿ ಮುಚ್ಚಿದಾಗ ಆಗುವ ನಷ್ಟವು ಆ ತಂತ್ರಾಂಶಕ್ಕೆ ಸೀಮಿತ. ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿದು ಗಣಕಯಂತ್ರವನ್ನು ಆರಿಸಿದಾಗ ತೆರೆದಿರುವ ಎಲ್ಲ ಕಡತಗಳೂ ಅಪಾಯಕ್ಕೆ ಒಳಗಾಗುತ್ತವೆ. ಡಿಸ್ಕ್‌ಗೆ ಬರೆಯುತ್ತಿರುವ ಕ್ಷಣದಲ್ಲಿ ಹೀಗಾದರೆ ಕಡತಗಳು ಕೆಡಬಹುದು. ಆಜ್ಞೆಯೂ ಸೇರಿದಂತೆ ಯಾವುದಕ್ಕೂ ಯಂತ್ರವು ಸ್ಪಂದಿಸದಿದ್ದಾಗ ಮಾತ್ರ ಈ ಉಪಾಯವನ್ನು ಬಳಸುವುದು ಉಚಿತ. ಮಳೆಗಾಲದಲ್ಲಿ ಮನೆಯಿಂದ ಅರ್ಜಿ ಸಲ್ಲಿಸುವವರು ಯುಪಿಎಸ್ ಅಥವಾ ಬ್ಯಾಟರಿ ಇರುವ ಯಂತ್ರವನ್ನು ಬಳಸುವುದು ಹಾಗೂ ಅರ್ಜಿಯನ್ನು ಹಂತ ಹಂತವಾಗಿ ಉಳಿಸಿಕೊಳ್ಳುವುದು ಒಳ್ಳೆಯದು.

10. ಮುಕ್ತಾಯಗೊಳಿಸಿದ ನಂತರದ ಕ್ರಮಗಳು

(1) ಬ್ರೌಸರ್ ಅನ್ನು ಪುನಃ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತೆರೆಯಬೇಕೇ ಎಂಬ ಪ್ರಶ್ನೆ ಬರಬಹುದು. ಪಾವತಿಯ ಹಂತದಲ್ಲಿ ಸ್ಥಗಿತಗೊಂಡಿದ್ದಲ್ಲಿ ಇದಕ್ಕೆ ಒಪ್ಪದೆ, ಜಾಲತಾಣದ ಮುಖಪುಟದಿಂದಲೇ ಹೊಸದಾಗಿ ಪ್ರವೇಶಿಸಬೇಕು.
(2) ಹೊಸ ಅರ್ಜಿಯನ್ನು ಆರಂಭಿಸುವ ಮೊದಲು ಹಳೆಯ ಅರ್ಜಿಯ ಸ್ಥಿತಿಯನ್ನು ನೋಡಬೇಕು. ಸೇವಾ ಸಿಂಧು ಜಾಲತಾಣದಲ್ಲಿ ಸಲ್ಲಿಸಿದ ಅರ್ಜಿಗಳು, ಅಪೂರ್ಣ ಅರ್ಜಿಗಳು ಹಾಗೂ ಪಾವತಿಯ ಮರುಪರಿಶೀಲನೆಗೆ ಪ್ರತ್ಯೇಕ ವಿಭಾಗಗಳಿವೆ.
(3) ಮೊಬೈಲ್‌ಗೆ ಬಂದಿದ್ದ ಒಂದು ಬಾರಿಯ ಗುಪ್ತಸಂಖ್ಯೆಯ ಅವಧಿ ಮುಗಿದಿರಬಹುದಾದ್ದರಿಂದ ಹೊಸದನ್ನು ಕೋರಬೇಕು.
(4) ಮನವಿ ಪತ್ರವನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಿದ್ಧಪಡಿಸುತ್ತಿದ್ದಲ್ಲಿ, ಅದನ್ನು ಮತ್ತೆ ತೆರೆದಾಗ ತಾನಾಗಿ ಉಳಿಸಿಕೊಂಡ ಪ್ರತಿ ದೊರೆಯಬಹುದು. ಸಾಮಾನ್ಯ ವ್ಯವಸ್ಥೆಯಲ್ಲಿ ಇದು 10 ನಿಮಿಷಗಳಿಗೊಮ್ಮೆ ಉಳಿಯುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಣ ಕಡಿತವಾಗಿದೆ, ಆದರೆ ಸ್ವೀಕೃತಿ ಬಂದಿಲ್ಲ. ಮತ್ತೊಮ್ಮೆ ಪಾವತಿಸಬೇಕೇ?
ಉತ್ತರ: ಕೂಡಲೇ ಪಾವತಿಸಬಾರದು. ಮೊದಲು ಜಾಲತಾಣದಲ್ಲಿ ಪಾವತಿಯ ಸ್ಥಿತಿಯನ್ನು ಪರಿಶೀಲಿಸಬೇಕು. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯು ಕಾರ್ಡ್ ಅಥವಾ ಯುಪಿಐ ಮೂಲಕ ಸಂಸ್ಥೆಗೆ ಮಾಡಿದ ಪಾವತಿಗಳಿಗೆ ಕಾಲಮಿತಿಯನ್ನು ನಿಗದಿಪಡಿಸಿದೆ. ಖಾತೆಯಿಂದ ಹಣ ಕಡಿತವಾಗಿ, ಅದರ ದೃಢೀಕರಣವು ಸ್ವೀಕರಿಸುವವರಿಗೆ ತಲುಪದಿದ್ದರೆ, ವ್ಯವಹಾರದ ದಿನದ ನಂತರದ 5 ದಿನಗಳೊಳಗೆ ಹಣವು ತಾನಾಗಿ ಹಿಂದಿರುಗಬೇಕು. ವಿಳಂಬವಾದಲ್ಲಿ ದಿನಕ್ಕೆ 100 ರೂಪಾಯಿಗಳಂತೆ ಪರಿಹಾರಕ್ಕೂ ಅವಕಾಶವಿದೆ. ಬ್ಯಾಂಕನ್ನು ವಿಚಾರಿಸುವಾಗ ವ್ಯವಹಾರ ಸಂಖ್ಯೆಯು ಅವಶ್ಯಕ.

ಪ್ರಶ್ನೆ: ಅರ್ಜಿ ಸಲ್ಲಿಸಲು ಇಂದೇ ಕೊನೆಯ ದಿನ, ತಂತ್ರಾಂಶ ನಿಂತಿದೆ. ಏನು ಮಾಡಬೇಕು?
ಉತ್ತರ: ವಿವರಗಳ ಚಿತ್ರ ತೆಗೆದುಕೊಂಡು, ಮೇಲಿನ ವಿಧಾನದಂತೆ ಬ್ರೌಸರ್ ಮುಚ್ಚಿ, ಬೇರೊಂದು ಬ್ರೌಸರ್‌ನಲ್ಲಿ ಅಥವಾ ಮೊಬೈಲ್‌ನಲ್ಲಿ ಪ್ರವೇಶಿಸಬಹುದು. ಅರ್ಜಿಯ ಕರಡು ಉಳಿದಿದ್ದರೆ ಅದು ಸರ್ವರ್‌ನಲ್ಲಿರುವುದರಿಂದ ಯಾವ ಯಂತ್ರದಿಂದಲಾದರೂ ದೊರೆಯುತ್ತದೆ.

ಪ್ರಶ್ನೆ: ಸೇವಾ ಕೇಂದ್ರದಲ್ಲಿ ತಂತ್ರಾಂಶ ಸ್ಥಗಿತಗೊಂಡರೆ ಅರ್ಜಿದಾರರು ಏನನ್ನು ಕೇಳಿ ಪಡೆಯಬೇಕು?
ಉತ್ತರ: ಅರ್ಜಿಯು ಸಲ್ಲಿಕೆಯಾಗಿದೆಯೇ ಎಂಬುದನ್ನು ಪುನಃ ತೆರೆದು ತೋರಿಸುವಂತೆ ಕೋರಬಹುದು. ಸ್ವೀಕೃತಿ ಸಂಖ್ಯೆಯನ್ನು ಪಡೆಯದೆ ಕೇಂದ್ರದಿಂದ ಹಿಂದಿರುಗಬಾರದು. ಮುದ್ರಣ ಸಾಧ್ಯವಾಗದಿದ್ದರೆ ಸಂಖ್ಯೆಯನ್ನು ಕಾಗದದಲ್ಲಿ ಬರೆಸಿಕೊಂಡರೂ ಸಾಕು.

ಪ್ರಶ್ನೆ: ಆಜ್ಞೆ ನೀಡಿದಾಗ ಅನುಮತಿ ನಿರಾಕರಿಸಲಾಗಿದೆ ಎಂಬ ಸಂದೇಶ ಬರುತ್ತದೆ. ಕಾರಣವೇನು?
ಉತ್ತರ: ಆ ಕಾರ್ಯವು ಬೇರೆ ಬಳಕೆದಾರರಿಗೆ ಅಥವಾ ಕಾರ್ಯಾಚರಣ ವ್ಯವಸ್ಥೆಗೆ ಸೇರಿದ್ದಾಗಿರುತ್ತದೆ. ಅದು ಪರಿಚಿತ ತಂತ್ರಾಂಶವೇ ಆಗಿದ್ದರೆ ಕಮಾಂಡ್ ಪ್ರಾಂಪ್ಟ್ ಅನ್ನು ಆಡಳಿತಾಧಿಕಾರದೊಂದಿಗೆ ತೆರೆದು ಪ್ರಯತ್ನಿಸಬಹುದು. ಅಪರಿಚಿತವಾಗಿದ್ದಲ್ಲಿ ಕೈಹಾಕದಿರುವುದು ಲೇಸು.

ಪ್ರಶ್ನೆ: ಪದೇ ಪದೇ ಹೀಗಾಗುತ್ತಿದ್ದರೆ?
ಉತ್ತರ: ತೆರೆದಿರುವ ಪುಟಗಳನ್ನು ಕಡಿಮೆ ಮಾಡುವುದು, ಸೇರಿಸುವ ದಾಖಲೆಗಳ ಗಾತ್ರವನ್ನು ನಿಗದಿತ ಮಿತಿಯೊಳಗೆ ಇರಿಸುವುದು, ಬ್ರೌಸರ್ ಅನ್ನು ಇತ್ತೀಚಿನ ಆವೃತ್ತಿಗೆ ಬದಲಾಯಿಸುವುದು ಮೊದಲ ಪರಿಹಾರಗಳು. ಬಲವಂತದ ಮುಕ್ತಾಯವು ಆ ಹೊತ್ತಿನ ತೊಂದರೆಯನ್ನಷ್ಟೇ ನೀಗಿಸುತ್ತದೆ, ಅದರ ಕಾರಣವನ್ನಲ್ಲ.

12. ಸಾರಾಂಶ

ತಂತ್ರಾಂಶ ಸ್ಥಗಿತಗೊಂಡಾಗ ಅನುಸರಿಸಬೇಕಾದ ಅನುಕ್ರಮ: ಕಾಯುವುದು, ಅರ್ಜಿಯ ಹಂತವನ್ನು ಗುರುತಿಸುವುದು, ಸಂಖ್ಯೆಗಳನ್ನು ಬರೆದುಕೊಳ್ಳುವುದು, ಸೌಮ್ಯ ಆಜ್ಞೆ, ಅನಂತರ ಬಲವಂತದ ಆಜ್ಞೆ, ಕೊನೆಗೆ ಅರ್ಜಿಯ ಸ್ಥಿತಿಯ ಪರಿಶೀಲನೆ. ಪರದೆಯು ಮರೆಯಾದರೂ ಸರ್ವರ್‌ನಲ್ಲಿ ದಾಖಲಾದ ಅರ್ಜಿ ಉಳಿಯುತ್ತದೆ. ಸ್ವೀಕೃತಿ ಸಂಖ್ಯೆಯೇ ಅದಕ್ಕೆ ಆಧಾರ. ಅರ್ಜಿದಾರರು ಆ ಸಂಖ್ಯೆಯನ್ನು ಸೇವೆಯು ದೊರೆಯುವವರೆಗೆ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.